ಒಳಗಡೆ ಹಿಡಿದವರು



ಭದ್ರಾವತಿಯಲ್ಲಿ ಹುಟ್ಟಿ ಬೆಳೆದವರಿಗೆ ಯಂತ್ರವೆಂದರೆ ಬೆರಗಿಗಿಂತ ಸಲಿಗೆ ಜಾಸ್ತಿ. ಫ್ಯಾಕ್ಟರಿ ಸೈರನ್ ಕೇಳಿಯೇ ಗಡಿಯಾರ ಸರಿ ಮಾಡಿಕೊಂಡ ಮನೆಗಳು ನಮ್ಮವು. ನಮ್ಮಪ್ಪ ಐರನ್ ಫ್ಯಾಕ್ಟರಿಯಲ್ಲಿ ತಗಡು ಜೋಡಿಸುವ ಕೆಲಸದಲ್ಲಿದ್ದವರು. ರಿಟೈರ್ ಆದಮೇಲೆ ಒಂದು ದಿನ, "ಬೆಂಗಳೂರಲ್ಲಿ ವಿಮಾನದ ಮ್ಯೂಸಿಯಂ ಇದೆಯಂತಲ್ಲ, ಒಂದ್ಸಲ ತೋರಿಸಮ್ಮ" ಅಂದರು. ಬೆಳಗಿನ ಜನಶತಾಬ್ದಿ ಹತ್ತಿ ಹೊರಟೆವು.

ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯ 2001ರಲ್ಲಿ ಶುರುವಾದದ್ದು. ಒಂದು ಕಾಲಕ್ಕೆ ಆಕಾಶ ನಡುಗಿಸಿದ ವಿಮಾನಗಳು ಅಲ್ಲಿ ಹೊರಾಂಗಣದಲ್ಲಿ ಸುಮ್ಮನೆ ನಿಂತಿವೆ. ಈ ಎಚ್‌ಎಎಲ್‌ಗೂ ನಮ್ಮೂರ ಫ್ಯಾಕ್ಟರಿಗೂ ಒಂದು ಸಂಬಂಧವಿದೆ. ಮಲೆನಾಡಿನ ಮರದ ಇದ್ದಿಲು ಉರಿಸಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸತೊಡಗಿದ್ದು 1923ರಲ್ಲಿ. ಆ ಕುಲುಮೆ ಹೊತ್ತಿಸಿದ ಮೈಸೂರು ಸರ್ಕಾರವೇ 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಎಲ್ ವಿಮಾನ ಕಾರ್ಖಾನೆಗೆ ಅಡಿಪಾಯ ಹಾಕಿತು. ಅಂದರೆ ನಮ್ಮ ಫ್ಯಾಕ್ಟರಿ ಅಣ್ಣ, ಅದು ತಮ್ಮ. ನಂಟರ ಮನೆಗೆ ಬಂದ ಹಾಗೇ ಅಪ್ಪ ನಿಧಾನವಾಗಿ ನಡೆಯುತ್ತಿದ್ದರು.

ಮೊದಲು ಕಂಡದ್ದು ಎಚ್‌ಟಿ-2, ಪುಟ್ಟ ತರಬೇತಿ ವಿಮಾನ. ಡಾ. ವಿ.ಎಂ. ಘಾಟಗೆ ಅವರ ವಿನ್ಯಾಸ. 1951ರ ಆಗಸ್ಟ್‌ನಲ್ಲಿ ಅದು ಮೊದಲ ಸಲ ಮೇಲೆದ್ದಾಗ ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷ. ವಾಯುಪಡೆಯ ಎಷ್ಟೋ ಪೈಲಟ್‌ಗಳ ಕೈ ಪಳಗಿದ್ದು ಇದರಲ್ಲೇ.

ಆಮೇಲೆ ಮಾರುತ್. ಹೆಸರೇ ಗಾಳಿಯದು. ಜರ್ಮನಿಯ ಹೆಸರಾಂತ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳ ಜೊತೆ ಕೂತು ರೂಪಿಸಿದ ಜೆಟ್ ಯುದ್ಧವಿಮಾನ. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಅದನ್ನು ಮೊದಲ ಬಾರಿಗೆ ಹಾರಿಸಿದರು. ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ. ನಾನು ದೂರ ನಿಂತು ಅದರ ಚೆಲುವು ನೋಡುತ್ತಿದ್ದೆ. ಅಪ್ಪ ಮಾತ್ರ ಹತ್ತಿರ ಹೋಗಿ, ಮುಟ್ಟಬಾರದೆಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಕನ್ನಡಕ ಹಣೆಗೆ ಏರಿಸಿ ತಗಡನ್ನೇ ನೋಡುತ್ತಿದ್ದರು.

"ಏನಪ್ಪಾ ಅಲ್ಲಿ?"

"ರಿವೆಟ್ ನೋಡು."

ತಗಡಿಗೆ ತಗಡು ಬಿಗಿಯುವ ರಿವೆಟ್‌ಗಳು, ಸಾಲುಸಾಲು. ಗಾಳಿಗೆ ತಡೆಯಾಗದಂತೆ ಒಂದೊಂದರ ತಲೆಯೂ ತಗಡಿನ ಮಟ್ಟಕ್ಕೇ ಕೂತಿತ್ತು. ಬಣ್ಣದ ಕೆಳಗೆ ಸಣ್ಣ ಉಂಗುರದ ಗುರುತಷ್ಟೇ ಕಾಣುತ್ತಿತ್ತು.

"ಇದನ್ನ ಒಬ್ಬನೇ ಹೊಡೆಯಕ್ಕಾಗಲ್ಲ ಕಣಮ್ಮಾ. ಹೊರಗಡೆಯಿಂದ ಒಬ್ಬ ಹೊಡೀತಾನೆ. ಒಳಗಡೆ ಇನ್ನೊಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡ್ಕೊಂಡಿರಬೇಕು. ಅವನ ಕೈ ಅಲುಗಿದ್ರೆ ರಿವೆಟ್ ಸೊಟ್ಟ. ಇಷ್ಟು ಇಕ್ಕಟ್ಟು ಜಾಗದೊಳಗೆ ಆ ಪುಣ್ಯಾತ್ಮ ಹೆಂಗೆ ಮುದುರಿಕೊಂಡು ಕೂತಿದ್ನೋ!"

ನಾನು ಮತ್ತೊಮ್ಮೆ ನೋಡಿದೆ. ಈಗ ಕಂಡದ್ದು ಬೇರೆಯೇ ವಿಮಾನ. ಶಬ್ದದ ವೇಗ ಮೀರಲೆಂದೇ ಕಟ್ಟಿದ ಮೈ ಅದು, ಆದರೆ ಅದಕ್ಕೆ ತಕ್ಕ ಎಂಜಿನ್ ಕೊನೆಯವರೆಗೂ ಸಿಗಲಿಲ್ಲ. ಹೆಚ್ಚು ಶಕ್ತಿಯ ಎಂಜಿನ್ ಕೂರಿಸುವ ಪ್ರಯತ್ನದಲ್ಲೇ, 1970ರ ಜನವರಿಯಲ್ಲಿ, ಪರೀಕ್ಷಾ ಹಾರಾಟದ ವೇಳೆ ಸುರಂಜನ್ ದಾಸ್ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಿದೆ. ಮರುವರ್ಷ, 1971ರ ಯುದ್ಧದಲ್ಲಿ, ರಾಜಸ್ಥಾನದ ಗಡಿಯಲ್ಲಿ ಮಾರುತ್‌ಗಳು ಚೆನ್ನಾಗಿ ಹೋರಾಡಿದವು. ಆದರೂ ಈ ವಿಮಾನದ ಮಾತು ಬಂದಾಗಲೆಲ್ಲ ಜನ ಎಂಜಿನ್ನಿನ ಕೊರತೆಯನ್ನೇ ಎತ್ತುತ್ತಾರೆ. ಒಳಗೆ ಮುದುರಿ ಕೂತು ಗಟ್ಟಿ ಹಿಡಿದವನ ಕೆಲಸದಲ್ಲಿ ಕೊರತೆ ಇರಲಿಲ್ಲವಲ್ಲ! ಸುಮಾರು ಅರವತ್ತು ವರ್ಷದ ಬಿಸಿಲು ಮಳೆಗೂ ಆ ಸಾಲು ಒಂದಿಷ್ಟೂ ಡೊಂಕಾಗಿರಲಿಲ್ಲ. ಆ ಕೈ ಯಾರದೆಂದು ಯಾವ ಫಲಕವೂ ಹೇಳುವುದಿಲ್ಲ. ಅಪ್ಪ ಗುರುತು ಹಿಡಿದರು. ನನಗೆ ಅಷ್ಟೇ ಸಮಾಧಾನ.

ಉಳಿದ ವಿಮಾನಗಳನ್ನೂ ನೋಡಿದೆವು. ಕ್ಯಾನ್‌ಬೆರಾ, ಮಿಗ್-21, ಕಿರಣ್. ಎಲ್ಲದರ ಮುಂದೆಯೂ ಅಪ್ಪ ಅದೇ ಥರ ಕೈ ಕಟ್ಟಿ ಬಗ್ಗಿದರು.

2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಬಳಿ ನಮ್ಮ ಸೋಗಾನೆಯಲ್ಲೇ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. 3,200 ಮೀಟರ್ ರನ್‌ವೇ. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಕೆಲವು ತಿಂಗಳು ಬಿಟ್ಟು ಅಪ್ಪನನ್ನು ಅದರಲ್ಲಿ ಕರೆದುಕೊಂಡು ಹೊರಟೆ. ಅವರಿಗೆ ಅದು ಜೀವನದ ಮೊದಲ ವಿಮಾನಯಾನ. ಮೆಟ್ಟಿಲು ಹತ್ತಿ ಬಾಗಿಲವರೆಗೆ ಹೋದವರು ಅಲ್ಲೇ ನಿಂತುಬಿಟ್ಟರು. ಹಿಂದೆ ಜನ ಕಾಯುತ್ತಿದ್ದರು. ಅಪ್ಪ ಬಾಗಿಲ ಪಕ್ಕದ ತಗಡಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಮೆಲ್ಲಗೆ ಆಡಿಸಿದರು. ಆಮೇಲೆ ತಲೆ ತಗ್ಗಿಸಿ ಒಳಗೆ ಹೋದರು.