ನಗಬೇಡಿ, ಇನ್ನೊಂದು ಪ್ರಶ್ನೆ ಕೇಳಿ

(ಪದವಿ ಪ್ರದಾನ ಸಮಾರಂಭದಲ್ಲಿ ಮಾಡಿದ ಭಾಷಣ)



ಕಳೆದ ಎರಡು ವರ್ಷ, ಪ್ರತಿ ಭಾನುವಾರ ನನ್ನ ತರಗತಿ ಮುಗಿದ ಮೇಲೆ ನಾನು ಪಕ್ಕದ ಕೋಣೆಗೆ ಹೋಗುತ್ತಿದ್ದೆ. ಅಲ್ಲಿ ಆರೇಳು ವರ್ಷದ ಹನ್ನೊಂದು ಮಕ್ಕಳಿಗೆ ಕಲಿಸುವ ಟೀಚರ್‌ಗೆ ಸಹಾಯ ಮಾಡುವುದು ನನ್ನ ಕೆಲಸ. ಹೈಸ್ಕೂಲಿಗೆ ಬೇಕಾದ ಸ್ವಯಂಸೇವೆಯ ಗಂಟೆಗಳು ಸಿಗುತ್ತವೆ ಎಂದು ಸೇರಿದೆ. ಗಂಟೆಗಳು ಮೊದಲ ವರ್ಷವೇ ಮುಗಿದವು. ಎರಡನೇ ವರ್ಷ ಹೋಗಿದ್ದು ಆ ಮಕ್ಕಳು "ಅಕ್ಕಾ" ಎಂದು ಕರೆಯುತ್ತಾರೆ ಅಂತ. ಮನೆಯಲ್ಲಿ ನಾನೇ ಚಿಕ್ಕವಳು, ನನ್ನನ್ನು ಹಾಗೆ ಕರೆಯುವವರು ಬೇರೆ ಯಾರೂ ಇಲ್ಲ.

ಆ ತರಗತಿಯಲ್ಲಿ ಅ, ಆ, ಇ, ಈ ಇಂದ ಶುರು ಮಾಡುವುದಿಲ್ಲ. ಕರ್ನಾಟಕದ ಒಂದನೇ ತರಗತಿಯ ಮಕ್ಕಳ ಹಾಗೆ ರ, ಗ, ಸ, ದ, ಅ ಇಂದ ಶುರು. ಈ ಐದು ಅಕ್ಷರ ಬಂದರೆ ಸಾಕು, ಸರ, ಅರಸ, ದಸರ, ಗರಗಸ ಎಂದು ಓದಬಹುದು. ಮಕ್ಕಳು ಮೂರನೇ ವಾರಕ್ಕೇ ಓದಿದರು. ಆದರೆ ಗರಗಸ ಅಂದರೆ ಏನು ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಟೀಚರ್ ಕೈಯನ್ನೇ ಗರಗಸ ಮಾಡಿಕೊಂಡು ಮೇಜು ಕೊಯ್ದು ತೋರಿಸಿದರು. ಆಮೇಲೆ ಹತ್ತು ನಿಮಿಷ ಹನ್ನೊಂದು ಮಕ್ಕಳೂ "ಗರ ಗರ" ಎನ್ನುತ್ತಾ ಮೇಜು, ಕುರ್ಚಿ, ನನ್ನ ಕೈ ಎಲ್ಲವನ್ನೂ ಕೊಯ್ದರು. ಆ ಪದವನ್ನು ಅವರು ಇನ್ನು ಮರೆಯುವುದಿಲ್ಲ.

ಓದುವುದಕ್ಕಿಂತ ಕಷ್ಟವಾದದ್ದು ಮಾತನಾಡುವುದು. ಮಕ್ಕಳು ಮಾಡುವ ತಪ್ಪುಗಳನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಬ್ಬಳು ಯಾವಾಗಲೂ "ನಾನು ಹಾಲು ಕುಡೀತೀಯ" ಎನ್ನುತ್ತಿದ್ದಳು. ಯಾಕೆ? ಮನೆಯಲ್ಲಿ ಎಲ್ಲರೂ ಅವಳನ್ನು ಕೇಳುವುದೇ "ಕುಡೀತೀಯಾ? ತಿಂತೀಯಾ? ಬರ್ತೀಯಾ?" ಅಂತ. ಕಿವಿಗೆ ಬಿದ್ದದ್ದನ್ನೇ ಅವಳು ವಾಪಸ್ ಕೊಡುತ್ತಿದ್ದಳು. ಇನ್ನೊಬ್ಬನಿಗೆ "ನೀರು ಬೇಕಾ?" ಎಂದರೆ "ಇಲ್ಲ" ಎನ್ನುತ್ತಿದ್ದ. ಇಂಗ್ಲಿಷಿನಲ್ಲಿ ಒಂದು "ನೋ" ಇದ್ದರೆ ಸಾಕು. ಕನ್ನಡದಲ್ಲಿ ಇಲ್ಲ, ಅಲ್ಲ, ಬೇಡ, ಮೂರೂ ಬೇಕು. ಇವೆಲ್ಲ ತಪ್ಪುಗಳೇ. ಆದರೆ ಕಿವಿ ಕೊಟ್ಟು ಕೇಳುವ, ತಲೆ ಓಡಿಸುವ ಮಕ್ಕಳ ತಪ್ಪುಗಳು.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಒಂದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಮ್ಮ ತರಗತಿಯ ಹುಡುಗನೊಬ್ಬ ಮೈಕ್ ಹಿಡಿದು, "ನಮ್ಮ ತಾತ ಹಲ್ಲಿಯಲ್ಲಿ ಇದ್ದಾರೆ" ಎಂದ. ಹಳ್ಳಿ ಎನ್ನಲು ಹೋಗಿದ್ದ. ಇಂಗ್ಲಿಷಿನಲ್ಲಿ ಳ ಇಲ್ಲ, ಅವನ ನಾಲಿಗೆ ಇನ್ನೂ ಅಲ್ಲಿಗೆ ಮಡಚುತ್ತಿರಲಿಲ್ಲ. ಸಭೆಯೆಲ್ಲ ಜೋರಾಗಿ ನಕ್ಕಿತು. ಯಾರೂ ಕೆಟ್ಟ ಮನಸ್ಸಿನಿಂದ ನಗಲಿಲ್ಲ, ಅದು ನನಗೆ ಗೊತ್ತು. ಆದರೆ ಅವನಿಗೆ ಗೊತ್ತಿರಲಿಲ್ಲ. ಮುಂದಿನ ಆರು ವಾರ ಅವನು ತರಗತಿಯಲ್ಲಿ ಒಂದು ಕನ್ನಡ ಪದವನ್ನೂ ಆಡಲಿಲ್ಲ. ತಾತ ವಿಡಿಯೋ ಕಾಲ್ ಮಾಡಿದರೆ "ಹಾಯ್" ಎಂದು ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟು ಓಡಿಹೋಗುತ್ತಾನೆ ಎಂದು ಅವರಮ್ಮ ಹೇಳಿದರು. ಆ ತಾತನಿಗೆ ಇಂಗ್ಲಿಷ್ ಬರುವುದಿಲ್ಲ.

ಟೀಚರ್ ಅವನನ್ನು ಒತ್ತಾಯ ಮಾಡಲಿಲ್ಲ. ಒಂದು ಭಾನುವಾರ ಪ್ಲಾಸ್ಟಿಕ್ ಹಲ್ಲಿಯೊಂದನ್ನು ತಂದು, ಅಟ್ಟೆಪೆಟ್ಟಿಗೆಯ ಮನೆಗಳನ್ನು ಜೋಡಿಸಿ, "ಈ ಹಲ್ಲಿ ಯಾವ ಹಳ್ಳಿಗೆ ಹೋಗುತ್ತೆ?" ಎಂದು ಎಲ್ಲರನ್ನೂ ಕೇಳಿದರು. ಎಲ್ಲ ಮಕ್ಕಳೂ ಲ, ಳ ಎರಡನ್ನೂ ತಪ್ಪು ತಪ್ಪಾಗಿ ಕೂಗಿದರು. ಕೊನೆಗೆ ಅವನೂ ಮೆಲ್ಲಗೆ, "ನಮ್ಮ ತಾತನ ಹಲ್ಲಿಗೆ" ಎಂದ. ಟೀಚರ್ ನಗಲಿಲ್ಲ, ತಪ್ಪು ಎನ್ನಲೂ ಇಲ್ಲ. "ಹೌದಾ! ನಿಮ್ಮ ತಾತನ ಹಳ್ಳಿಗಾ? ಅಲ್ಲಿ ಹಸು ಇದೆಯಾ?" ಎಂದರು. ಅವನು ಹಸುವಿನ ಬಗ್ಗೆ ಐದು ನಿಮಿಷ ಮಾತನಾಡಿದ.

ಎರಡು ವರ್ಷದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ಸರಿಯಾದ ಪದವನ್ನು ನಾವು ಒಮ್ಮೆ ಹೇಳಿ, ತಕ್ಷಣ ಇನ್ನೊಂದು ಪ್ರಶ್ನೆ ಕೇಳಬೇಕು. ಮಗುವಿಗೆ ಸರಿಯಾದದ್ದೂ ಕೇಳಿಸುತ್ತದೆ, ಮಾತೂ ನಿಲ್ಲುವುದಿಲ್ಲ.

ಪೋಷಕರಲ್ಲಿ ನನ್ನದೊಂದು ವಿನಂತಿ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಡಿಪ್ಲೊಮಾದ ಮೇಲೆ ದ್ವಿಭಾಷಾ ಮುದ್ರೆ ಹಾಕಿಕೊಡುತ್ತಾರೆ. ಅದಕ್ಕಾಗಿ ಕನ್ನಡ ಕಲಿಯಲಿ ಎಂದು ನೀವು ಹೇಳುತ್ತೀರಿ, ಒಳ್ಳೆಯದೇ. ಆದರೆ ಆರು ವರ್ಷದ ಮಗುವಿಗೆ ಆ ಮುದ್ರೆ ತುಂಬಾ ದೂರ. ಅದಕ್ಕೆ ಹತ್ತಿರ ಇರುವುದು ಊಟದ ಮೇಜು, ಕಾರಿನ ಹಿಂದಿನ ಸೀಟು, ತಾತನ ಫೋನು. ಅಲ್ಲಿ ನಮ್ಮ ಅರ್ಧಂಬರ್ಧ ಕನ್ನಡ ಕೇಳಿ ನೆಂಟರ ಮುಂದೆ ಅದನ್ನೇ ಅನುಕರಿಸಿ ತೋರಿಸಬೇಡಿ. ನಿಮಗೆ ಅದು ಮುದ್ದು. ನಮಗೆ ಅದು ಬಾಯಿ ಮುಚ್ಚಿಕೊಳ್ಳುವುದಕ್ಕೆ ಒಂದು ಕಾರಣ. ನಮಗೆ ನಾಚಿಕೆಯಾದರೆ ಇಂಗ್ಲಿಷ್ ಕೈಗೆಟುಕುವಂತೆಯೇ ಇದೆ, ಅದರ ಹಿಂದೆ ಸುಲಭವಾಗಿ ಅಡಗಿಕೊಳ್ಳುತ್ತೇವೆ.

ಶಿಕ್ಷಕರೇ, ನೀವು ಸಂಬಳವಿಲ್ಲದೆ, ಭಾನುವಾರದ ನಿದ್ದೆ ಬಿಟ್ಟು ಬರುತ್ತೀರಿ. ಹಿಂದಿನ ರಾತ್ರಿ ಕೂತು ಅಕ್ಷರದ ಕಾರ್ಡ್ ಕತ್ತರಿಸುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಈಗ ನನಗೂ ಗೊತ್ತು. ನನ್ನ ತಪ್ಪು ಕನ್ನಡವನ್ನು ಹತ್ತು ವರ್ಷ ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆಲ್ಲರಿಗೂ ನನ್ನ ನಮಸ್ಕಾರ.

ಮುಂದಿನ ವರ್ಷವೂ ಆ ಕೋಣೆಗೆ ಹೊಸ ಮಕ್ಕಳು ಬರುತ್ತಾರೆ, ಸಹಾಯಕ್ಕೆ ಅಕ್ಕಂದಿರು, ಅಣ್ಣಂದಿರು ಬೇಕು. ನನ್ನ ಗೆಳೆಯರೇ, ಗಂಟೆಗಳಿಗಾಗಿಯೇ ಆದರೂ ಪರವಾಗಿಲ್ಲ, ಬನ್ನಿ.

ಜೈ ಕನ್ನಡ!