ಮುಟ್ಟದೆ ಮೀಟುವ ಕೈ

ರಷ್ಯಾದ ಲೆವ್ ಥೆರೆಮಿನ್ ಸುಮಾರು 1920ರಲ್ಲಿ ರೂಪಿಸಿದ ಥೆರೆಮಿನ್ ವಾದ್ಯವನ್ನು ಮುಟ್ಟದೆಯೇ ನುಡಿಸುತ್ತಾರೆ. ಒಂದು ಕೈ ಗಾಳಿಯಲ್ಲಿ ಶ್ರುತಿ ಹಿಡಿದರೆ, ಇನ್ನೊಂದು ಸದ್ದನ್ನು ಏರಿಸಿ ಇಳಿಸುತ್ತದೆ. ತಂತಿ ಮೀಟಿದಂಥ ಮಂದ್ರನಾದ ಬೇಕೆ? ಸದ್ದಿನ ಕೈಯನ್ನು ಥಟ್ಟನೆ ಎತ್ತಿ ಮೆಲ್ಲಗೆ ಇಳಿಸಬೇಕು. ಸದ್ದು ಅಡಗಿದ ಆ ಚಣದಲ್ಲೇ ಶ್ರುತಿಯ ಕೈ ಮುಂದಿನ ಸ್ವರ ಸೇರಿರಬೇಕು. ಇಲ್ಲವಾದರೆ ಜಾರಿದ್ದು ಕೇಳಿಬಿಡುತ್ತದೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರಿಗೆ ಎಲ್ಲಮ್ಮ ದೇವಿಯ ಜೋಗತಿಯರು ನುಡಿಸುವ ಚೌಡಿಕೆ ಗೊತ್ತಲ್ಲ? ವೀಣೆಗಿರುವಂಥ ಮೆಟ್ಟುಗಳು ಅದಕ್ಕೂ ಇಲ್ಲ. ಒಂದು ಕೈ ತಂತಿಯನ್ನು ಬಿಗಿದು ಸಡಿಲಿಸಿದರೆ, ಇನ್ನೊಂದು ಮೀಟುತ್ತದೆ. ಅಲ್ಲಿ ಜಾರುವುದೇ ಸೊಗಸು! ನನಗಂತೂ ಚೌಡಿಕೆಯೇ ಹೆಚ್ಚು ಇಷ್ಟ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಜನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಜೋಗತಿಯರೊಡನೆ ಬೆಸೆದಿದ್ದ ದೇವದಾಸಿ ಪದ್ಧತಿಗೆ 1982ರ ಕಾನೂನು ತಡೆಯೊಡ್ಡಿತು, ಸರಿಯೇ, ವಾದ್ಯಕ್ಕೆ ತಡೆಯಿಲ್ಲ. ನಿಮ್ಮೂರ ಶಾಲೆಯ ಮಕ್ಕಳಿಗೂ ಚೌಡಿಕೆ ಕಲಿಸಿ.