ಅಳತೆ ತೆಗೆದು ಕಟ್ಟುವ ಕಂಪ್ಯೂಟರ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನನಗಿಂತ ಮೊದಲು ಮಾತನಾಡಿದವರಲ್ಲಿ ಡಾಕ್ಟರ್ ಇದ್ದಾರೆ, ಲೆಕ್ಚರರ್ ಇದ್ದಾರೆ, ಪೊಲೀಸ್ ಇಲಾಖೆಯವರಿದ್ದಾರೆ. ಅವರ ಕೆಲಸ ಏನೆಂದು ಎಲ್ಲರಿಗೂ ಗೊತ್ತು. ನನ್ನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನಲ್ಲಿ ಒಂದು ಸಣ್ಣ ಮಳಿಗೆಯಲ್ಲಿ ನಾವು ಐದು ಜನ ಸೇರಿ ವರ್ಕ್‌ಸ್ಟೇಷನ್ ಕಟ್ಟುತ್ತೇವೆ. ವರ್ಕ್‌ಸ್ಟೇಷನ್ ಎಂದರೆ ಭಾರಿ ಲೆಕ್ಕದ ಕೆಲಸಕ್ಕೆ ಬೇಕಾಗುವ, ಹೆಚ್ಚು ಶಕ್ತಿಯ ಕಂಪ್ಯೂಟರ್.

ಅಂಗಡಿಯಲ್ಲಿ ಸಿಗುವ ಸಿದ್ಧ ಕಂಪ್ಯೂಟರ್ ರೆಡಿಮೇಡ್ ಅಂಗಿಯ ಹಾಗೆ. ಹೆಚ್ಚಿನವರಿಗೆ ಅದೇ ಸಾಕು. ಆದರೆ ಸಿನಿಮಾ ಎಡಿಟ್ ಮಾಡುವವರು, ಕಟ್ಟಡದ ನಕ್ಷೆ ತೆಗೆಯುವ ಆರ್ಕಿಟೆಕ್ಟ್‌ಗಳು, ಯಂತ್ರದ ಒಂದು ಭಾಗ ಎಷ್ಟು ಭಾರ ತಾಳುತ್ತದೆಂದು ಲೆಕ್ಕ ಹಾಕುವ ಎಂಜಿನಿಯರ್‌ಗಳು, ಕೃತಕ ಬುದ್ಧಿಮತ್ತೆಯ ಮೇಲೆ ಸಂಶೋಧನೆ ಮಾಡುವವರು, ಇವರಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ ಬೇಕು. ಅಂಥವರು ನಮ್ಮಲ್ಲಿಗೆ ಬರುತ್ತಾರೆ.

ನಾವು ಚಿಪ್ ತಯಾರಿಸುವುದಿಲ್ಲ. ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿ ಕಂಪನಿಯದು, ಗ್ರಾಫಿಕ್ಸ್ ಕಾರ್ಡಿನ ಚಿಪ್ ಹೆಚ್ಚಾಗಿ ಎನ್‌ವಿಡಿಯಾದ್ದು. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಆನ್‌ಲೈನ್‌ನಲ್ಲೂ ಸಿಗುತ್ತವೆ. ಅವನ್ನು ಜೋಡಿಸುವುದನ್ನು ಒಂಬತ್ತನೇ ತರಗತಿಯ ಹುಡುಗಿ ಕೆಲವು ಶನಿವಾರಗಳಲ್ಲಿ ಕಲಿಯಬಹುದು. ಹಾಗಾದರೆ ಜನ ನಮಗೆ ದುಡ್ಡು ಕೊಡುವುದು ಯಾತಕ್ಕೆ? ಅಳತೆ ತೆಗೆಯುವುದಕ್ಕೆ. ಇವತ್ತು ನಾನು ಮೂರು ಅಳತೆಗಳ ಬಗ್ಗೆ ಮಾತಾಡುತ್ತೇನೆ.

ಮೊದಲನೆಯದು ಗಿರಾಕಿಯ ಕೆಲಸದ ಅಳತೆ. ಒಮ್ಮೆ ಒಬ್ಬ ಯುವ ಎಡಿಟರ್ ಬಂದರು. ಮೊಬೈಲ್‌ನಲ್ಲಿ ಒಂದು ದುಬಾರಿ ಗ್ರಾಫಿಕ್ಸ್ ಕಾರ್ಡ್ ತೋರಿಸಿ, "ಸಾಲ ಮಾಡಿಯಾದರೂ ತಗೋತೀನಿ ಸಾರ್, ಇದನ್ನೇ ಹಾಕಿಕೊಡಿ" ಅಂದರು. ಅವರ ಹಳೆಯ ಯಂತ್ರವನ್ನು ತರಿಸಿ, ಅವರದೇ ಕೆಲಸವನ್ನು ಅದರಲ್ಲಿ ಓಡಿಸಿ ನೋಡಿದೆವು. ಗ್ರಾಫಿಕ್ಸ್ ಕಾರ್ಡ್ ಬಹುಪಾಲು ಹೊತ್ತು ಸುಮ್ಮನೆ ಕುಳಿತಿತ್ತು. ವಿಡಿಯೋ ಎಲ್ಲ ಹಳೆಯ ಹಾರ್ಡ್ ಡಿಸ್ಕಿನಲ್ಲಿತ್ತು. ಅಂಥ ಡಿಸ್ಕು ಸೆಕೆಂಡಿಗೆ 150ರಿಂದ 200 ಎಂಬಿ ಓದಿದರೆ ಹೆಚ್ಚು. ಈಗಿನ ಒಳ್ಳೆಯ ಎಸ್‌ಎಸ್‌ಡಿ ಸೆಕೆಂಡಿಗೆ 7,000 ಎಂಬಿವರೆಗೂ ಓದುತ್ತದೆ. ಕಾಲುವೆ ಕಟ್ಟಿಕೊಂಡಿರುವಾಗ ದೊಡ್ಡ ಪಂಪ್‌ಸೆಟ್ ತಂದು ಕೂರಿಸಿದರೆ ಗದ್ದೆಗೆ ನೀರು ಬರುತ್ತದೆಯೇ? ಒಂದು ಎಸ್‌ಎಸ್‌ಡಿ ಹಾಕಿ ಕಳಿಸಿದೆವು.

ಅವರು ಆಮೇಲೆ ಹತ್ತು ಗಿರಾಕಿಗಳನ್ನು ಕರೆದುಕೊಂಡು ಬಂದರು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಅವರು ಮತ್ತೆ ಬರಲಿಲ್ಲ. ಅವರ ಕೆಲಸ ಸರಾಗವಾಯಿತು, ಬರುವ ಅಗತ್ಯ ಬೀಳಲಿಲ್ಲ. ಅವರ ಸಾಲ ಉಳಿಯಿತು, ನಮ್ಮ ಒಂದು ದೊಡ್ಡ ಬಿಲ್ ಹೋಯಿತು. ಆ ತಿಂಗಳ ಬಾಡಿಗೆಯನ್ನು ಬೇರೆ ಕೆಲಸದಿಂದ ಹೊಂದಿಸಿದೆವು. ಸಣ್ಣ ವ್ಯಾಪಾರದಲ್ಲಿ ಪ್ರಾಮಾಣಿಕತೆಗೆ ಯಾವಾಗಲೂ ಬಹುಮಾನ ಸಿಗುತ್ತದೆ ಎಂದು ನಿಮಗೆ ಹೇಳಲಾರೆ. ಆದರೆ ಬೇಡದ್ದನ್ನು ಸಾಲಕ್ಕೆ ಮಾರಿ ಬಾಡಿಗೆ ಕಟ್ಟಿದರೆ, ಮರುದಿನ ಬರುವ ಗಿರಾಕಿಗೆ 'ಇದು ನಿಮಗೆ ಬೇಕು' ಎಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಕೆಲವರು ಪ್ರೊಸೆಸರಿನಲ್ಲಿ ಹೆಚ್ಚು ಕೋರ್ ಇದ್ದಷ್ಟೂ ಒಳ್ಳೆಯದು ಎಂದು ನಂಬಿರುತ್ತಾರೆ. ಕೋರ್ ಎಂದರೆ ಒಬ್ಬ ಆಳು ಎಂದುಕೊಳ್ಳಿ. ಒಂದು ಕೆಲಸಕ್ಕೆ ಒಬ್ಬ ಆಳಿಗೆ 100 ನಿಮಿಷ ಬೇಕು. ಅದರಲ್ಲಿ 90 ನಿಮಿಷದ ಕೆಲಸವನ್ನು ಹಂಚಬಹುದು, 10 ನಿಮಿಷದ್ದನ್ನು ಒಬ್ಬರೇ ಮಾಡಬೇಕು. 16 ಕೋರ್ ಇದ್ದರೆ ಒಟ್ಟು ಸುಮಾರು 15.6 ನಿಮಿಷ. ಕೋರ್‌ಗಳನ್ನು ನಾಲ್ಕು ಪಟ್ಟು ಮಾಡಿ 64 ಹಾಕಿದರೆ ಸುಮಾರು 11.4 ನಿಮಿಷ. ಎಷ್ಟೇ ಸುರಿದರೂ 10ಕ್ಕಿಂತ ಕೆಳಗೆ ಇಳಿಯದು. ಈ ಮಿತಿಯನ್ನು ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ತಜ್ಞರು 1967ರಲ್ಲಿ ತೋರಿಸಿದರು. ನಮ್ಮೂರ ಜಾತ್ರೆಯ ಅಡುಗೆಯವರಿಗೆ ಅದು ಮೊದಲೇ ಗೊತ್ತಿತ್ತು: ತರಕಾರಿ ಹೆಚ್ಚಲು ಹತ್ತು ಜನ ಕೂರಬಹುದು, ಒಂದು ಹಂಡೆಯ ಅನ್ನ ಬೇಯಲು ಅದರ ಹೊತ್ತು ಬೇಕೇ ಬೇಕು. ಕಟ್ಟಡದ ನಕ್ಷೆಯ ರೆವಿಟ್ ತಂತ್ರಾಂಶದಲ್ಲಿ ಬಹಳಷ್ಟು ಕೆಲಸ ಒಂದೇ ಕೋರಿನ ಮೇಲೆ ನಡೆಯುತ್ತದೆ. ಅಲ್ಲಿ ಕೆಲವೇ ಚುರುಕು ಕೋರ್‌ಗಳು ಸಾಕು. ಅದೇ ಆರ್ಕಿಟೆಕ್ಟ್ ಮನೆಯ ಒಳಾಂಗಣವನ್ನು ಫೋಟೋದಂತೆ ರೆಂಡರ್ ಮಾಡುವಾಗ ಕೆಲಸ ಚೆನ್ನಾಗಿ ಹಂಚಿಹೋಗುತ್ತದೆ, ಕೋರ್ ಹೆಚ್ಚಿದ್ದಷ್ಟು ಲಾಭ. ಆದ್ದರಿಂದ ನಮ್ಮ ಮೊದಲ ಪ್ರಶ್ನೆ 'ಬಜೆಟ್ ಎಷ್ಟು' ಎಂಬುದಲ್ಲ, 'ದಿನದಲ್ಲಿ ಎಷ್ಟು ಹೊತ್ತು ಯಾವ ಕೆಲಸ ಮಾಡ್ತೀರಿ' ಎಂಬುದು.

ಇನ್ನೊಂದು ಲೆಕ್ಕ. ಕೃತಕ ಬುದ್ಧಿಮತ್ತೆಯ ಒಂದು ಭಾಷಾ ಮಾದರಿಯಲ್ಲಿ 7,000 ಕೋಟಿ ಸಂಖ್ಯೆಗಳಿವೆ ಎನ್ನಿ. ಒಂದೊಂದಕ್ಕೆ ಎರಡು ಬೈಟ್ ಆದರೆ 140 ಜಿಬಿ ಜಾಗ ಬೇಕು. ನಿಖರತೆ ತಗ್ಗಿಸಿ ಅರ್ಧ ಬೈಟಿಗೆ ಇಳಿಸಿದರೂ 35 ಜಿಬಿ. 2025ರಲ್ಲಿ ಬಂದ ಆರ್‌ಟಿಎಕ್ಸ್ 5090 ಕಾರ್ಡಿನ ಮೆಮೊರಿ 32 ಜಿಬಿ. ಅಂದರೆ ಅಷ್ಟು ಬೆಲೆಯ ಕಾರ್ಡಿನಲ್ಲೂ ಅದು ಪೂರ್ತಿ ಹಿಡಿಯುವುದಿಲ್ಲ. ಇದಕ್ಕೆ ಬೇಕಾದದ್ದು ಗುಣಾಕಾರ ಮಾತ್ರ, ಅದನ್ನು ನಾವು ಕಲಿತದ್ದು ಪ್ರಾಥಮಿಕ ಶಾಲೆಯಲ್ಲಿ. ಕೊಳ್ಳುವ ಮೊದಲು ಈ ಗುಣಾಕಾರ ಮಾಡಿದರೆ ಲಕ್ಷಗಟ್ಟಲೆ ರೂಪಾಯಿ ಉಳಿಯುತ್ತದೆ.

ಎರಡನೆಯದು ವಿದ್ಯುತ್ತಿನ ಅಳತೆ. ಈಗ ಹೇಳಿದ ಕಾರ್ಡ್ ಒಂದೇ 575 ವ್ಯಾಟ್‌ವರೆಗೆ ಎಳೆಯುತ್ತದೆ. ಪೂರ್ತಿ ಯಂತ್ರ 900 ವ್ಯಾಟ್ ಎಳೆಯುತ್ತಾ ದಿನಕ್ಕೆ 10 ಗಂಟೆ ಓಡಿದರೆ 9 ಯೂನಿಟ್. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ, ಮುಚ್ಚಿದ ಕೋಣೆಯಲ್ಲಿ ರೂಮ್ ಹೀಟರ್ ಹಚ್ಚಿಟ್ಟ ಹಾಗೆ. ಯುಪಿಎಸ್ ಡಬ್ಬದ ಮೇಲೆ 600 ವಿಎ ಎಂದು ದೊಡ್ಡದಾಗಿ ಬರೆದಿರುತ್ತದೆ, ಕೆಳಗೆ ಸಣ್ಣದಾಗಿ 360 ವ್ಯಾಟ್ ಎಂದಿರುತ್ತದೆ. ನಮಗೆ ಬೇಕಾದದ್ದು ಆ ಸಣ್ಣ ಅಕ್ಷರ. ಅದಕ್ಕೇ ಯಂತ್ರ ಕೊಡುವ ಮೊದಲು ಗಿರಾಕಿಯ ಜಾಗದ ವೈರಿಂಗ್ ಮತ್ತು ಅರ್ಥಿಂಗ್ ಪರೀಕ್ಷೆ ಮಾಡಿಸುತ್ತೇವೆ. ನಮ್ಮಲ್ಲಿ ಪ್ರತಿ ಯಂತ್ರವೂ 24 ಗಂಟೆ ಪೂರ್ತಿ ಭಾರದಲ್ಲಿ ಓಡಿದ ಮೇಲೆಯೇ ಹೊರಗೆ ಹೋಗುವುದು. ದೊಡ್ಡ ಕಾರ್ಡುಗಳು ಎರಡು ಕೆಜಿ ಹತ್ತಿರ ತೂಗುತ್ತವೆ. ಹುಬ್ಬಳ್ಳಿಗೋ ಮಂಗಳೂರಿಗೋ ಲಾರಿಯಲ್ಲಿ ಕಳಿಸುವಾಗ ಕಾರ್ಡನ್ನು ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಇಡುತ್ತೇವೆ. ಇಲ್ಲದಿದ್ದರೆ ರಸ್ತೆಯ ಕುಲುಕಾಟಕ್ಕೆ ಮದರ್‌ಬೋರ್ಡಿನ ಸ್ಲಾಟೇ ಕಿತ್ತುಬರಬಹುದು.

ಮೂರನೆಯದು ದುಡ್ಡಿನ ಅಳತೆ. ನಾಲ್ಕು ಲಕ್ಷದ ಯಂತ್ರಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಎಂದರೆ 72,000 ರೂಪಾಯಿ. ಅದು ನಮ್ಮ ಖಾತೆಗೆ ಬರುತ್ತದೆ, ಆದರೆ ನಮ್ಮದಲ್ಲ. ಗಿರಾಕಿ ಕೊಟ್ಟ ಅಡ್ವಾನ್ಸ್ ಕೂಡ ನಮ್ಮದಲ್ಲ, ಅದು ಅವರ ಬಿಡಿಭಾಗದ ದುಡ್ಡು. ಖಾತೆಯಲ್ಲಿ ಎಂಟು ಲಕ್ಷ ಕಾಣುವ ದಿನ ನಮ್ಮದೆಂದು ಹೇಳಬಹುದಾದದ್ದು ಮೂವತ್ತು ಸಾವಿರವೂ ಇರಬಹುದು. ಬಿಡಿಭಾಗದಲ್ಲಿ ಉಳಿಯುವುದು ತೀರ ಕಡಿಮೆ. ನಾವು ಬದುಕುವುದು ಜೋಡಣೆ, ಪರೀಕ್ಷೆ ಮತ್ತು ನಂತರದ ಸೇವೆಯ ಕೂಲಿಯಿಂದ.

ಬೆಲೆಯೂ ನಮ್ಮ ಕೈಯಲ್ಲಿಲ್ಲ. 2021ರಲ್ಲಿ ಕ್ರಿಪ್ಟೋ ಕರೆನ್ಸಿ ಗಣಿಗಾರಿಕೆ ಮತ್ತು ಚಿಪ್ ಕೊರತೆಯಿಂದ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಏರಿತು. 2025ರ ಕೊನೆಯಲ್ಲಿ ದೊಡ್ಡ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಏರಿತು. ಎಲ್ಲೋ ದೂರದಲ್ಲಿ ಆಗುವ ತೀರ್ಮಾನ ನಮ್ಮ ಮಳಿಗೆಯ ಕೊಟೇಷನ್ನನ್ನು ಒಂದೇ ವಾರದಲ್ಲಿ ಸುಳ್ಳು ಮಾಡುತ್ತದೆ. 2021ರಲ್ಲಿ ಒಬ್ಬರಿಂದ ಅಡ್ವಾನ್ಸ್ ಪಡೆದ ಮರುದಿನವೇ, ಕಾರ್ಡ್ ಕೊಡಲು ಒಪ್ಪಿದ್ದ ಸಗಟು ವ್ಯಾಪಾರಿ ಹೆಚ್ಚು ಬೆಲೆ ಕೇಳಿದರು. ನಾವು ಗಿರಾಕಿಗೆ ಮಾತು ಕೊಟ್ಟಾಗಿತ್ತು, ಹೇಳಿದ ಬೆಲೆಗೇ ಕೊಟ್ಟೆವು. ಆ ತಿಂಗಳು ನಾನು ಸಂಬಳ ತೆಗೆದುಕೊಳ್ಳಲಿಲ್ಲ, ಜೊತೆಯವರಿಗೆ ಮಾತ್ರ ಕೊಟ್ಟೆ. ಈಗ ನಮ್ಮ ಕೊಟೇಷನ್ನಿಗೆ ಮೂರೇ ದಿನದ ಆಯಸ್ಸು, ಅಡ್ವಾನ್ಸ್ ಬಂದ ದಿನವೇ ಬಿಡಿಭಾಗ ಖರೀದಿ.

ವಾರಂಟಿಯ ಮಾತು ಒಂದಿದೆ. ಪ್ರೊಸೆಸರಿಗೆ ಒಂದು ಕಂಪನಿ, ಪವರ್ ಸಪ್ಲೈಗೆ ಇನ್ನೊಂದು, ರ‍್ಯಾಮಿಗೆ ಮತ್ತೊಂದು. ಒಂದಕ್ಕೆ ಮೂರು ವರ್ಷ, ಇನ್ನೊಂದಕ್ಕೆ ಹತ್ತು ವರ್ಷ. ಆದರೆ ನಾಳೆ ಬೆಳಿಗ್ಗೆ ನಿರ್ಮಾಪಕರಿಗೆ ಹಾಡು ತೋರಿಸಬೇಕಾದ ಎಡಿಟರ್ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಾಗ ಅವರಿಗೆ ಗೊತ್ತಿರುವ ಹೆಸರು ನಮ್ಮದೊಂದೇ. ಯಾವ ಭಾಗ ಕೆಟ್ಟಿದೆ ಎಂದು ಹುಡುಕುವುದು, ಅದು ಕಂಪನಿಯಿಂದ ಬದಲಾಗಿ ಬರುವವರೆಗೆ ನಮ್ಮದೊಂದನ್ನು ಹಾಕಿಕೊಡುವುದು ನಮ್ಮ ಹೊಣೆ. ಅದಕ್ಕಾಗಿ ಪ್ರತಿ ಭಾಗದ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಯುತ್ತೇವೆ, ಒಂದಷ್ಟು ಬಿಡಿಭಾಗಗಳನ್ನು ಮಾರದೆ ಕಪಾಟಿನಲ್ಲಿ ಇಟ್ಟುಕೊಂಡಿರುತ್ತೇವೆ. ಆ ಕಪಾಟಿನಲ್ಲಿ ದುಡ್ಡು ಕಟ್ಟಿಹೋಗಿರುತ್ತದೆ ನಿಜ. ಆದರೆ ಅದು ಇಲ್ಲದಿದ್ದರೆ ನಾವು ಬರಿಯ ಬಿಡಿಭಾಗದ ವ್ಯಾಪಾರಿಗಳು.

ಮಕ್ಕಳೇ, ನೀವೆಲ್ಲ ಕಂಪ್ಯೂಟರ್ ಅಂಗಡಿ ಇಡಿ ಎಂದು ಹೇಳಲು ನಾನು ಬಂದಿಲ್ಲ. ನಾನು ಇವತ್ತು ಹೇಳಿದ ಲೆಕ್ಕಗಳಲ್ಲಿ ಭಾಗಾಕಾರ, ಗುಣಾಕಾರ, ಶೇಕಡಾ, ವ್ಯಾಟ್ ಮತ್ತು ಯೂನಿಟ್ ಬಿಟ್ಟು ಬೇರೇನೂ ಇಲ್ಲ. ಅಷ್ಟೂ ಈ ಶಾಲೆಯ ಕೋಣೆಗಳಲ್ಲಿ, ಕನ್ನಡದಲ್ಲಿ ಕಲಿತದ್ದು. ಇಂಗ್ಲಿಷ್ ಆಮೇಲೆ ಬಂತು, ನಿಮಗೂ ಬರುತ್ತದೆ. ಏನನ್ನಾದರೂ ಕೊಳ್ಳುವ ಮೊದಲು, ಮಾರುವ ಮೊದಲು, ಸಾಲ ಮಾಡುವ ಮೊದಲು ಒಂದು ಸಲ ಅಳೆದು ನೋಡಿ. ಎದುರಿಗಿರುವವರಿಗೆ ಏನು ಬೇಕೆಂದು ಕೇಳಿ ತಿಳಿದುಕೊಳ್ಳಿ. ಯಾವ ಕಸುಬು ಹಿಡಿದರೂ ಇದು ಕೈಬಿಡುವುದಿಲ್ಲ.

ಕಡೆಯದಾಗಿ ಒಂದು ಮಾತು. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಟ್ಟು ಮೂಲೆ ಸೇರಿದ ಯಂತ್ರಗಳಿವೆ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಅವರು ಒಪ್ಪಿದರೆ ತಿಂಗಳಿಗೊಂದು ಶನಿವಾರ ನಾವು ಇಬ್ಬರು ಬರುತ್ತೇವೆ. ಅವುಗಳನ್ನು ನೀವೇ ಬಿಚ್ಚಿ, ಯಾವುದು ಸರಿಯಿದೆ ಯಾವುದು ಇಲ್ಲ ಎಂದು ಪರೀಕ್ಷಿಸಿ, ನಾಲ್ಕು ಕೆಟ್ಟವುಗಳಿಂದ ಒಂದು ಒಳ್ಳೆಯದನ್ನು ಕಟ್ಟಿ. ಸ್ಕ್ರೂಡ್ರೈವರ್ ನಾವು ತರುತ್ತೇವೆ. ನೋಟ್ ಪುಸ್ತಕ, ಪೆನ್ಸಿಲ್ ನೀವು ತನ್ನಿ.